ಪುಟ್ಟ ಮಕ್ಕಳ ಎತ್ತರ, ತೂಕ, ಕಸುವು ಅಳೆಯುವುದು ಹೇಗೆ: 23 ಮಕ್ಕಳ ಶಾಲೆಯಿಂದ ಕಲಿತದ್ದು

ನಾನು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಶಾಲೆಯ ಮೇಷ್ಟ್ರು. ಒಂದರಿಂದ ಐದನೇ ಕ್ಲಾಸಿನವರೆಗೆ ಸೇರಿ 23 ಮಕ್ಕಳು. ಅದೇ ಕಾಂಪೌಂಡಿನಲ್ಲಿ ಅಂಗನವಾಡಿ, ಅಲ್ಲಿ 20 ಮಕ್ಕಳು. ಅಂಗನವಾಡಿ ಟೀಚರ್ ಮತ್ತು ನಾನು ಸೇರಿ ಕೆಲವು ವರ್ಷಗಳಿಂದ ಈ ಮಕ್ಕಳ ಎತ್ತರ, ತೂಕ ಅಳೆಯುತ್ತಿದ್ದೇವೆ, ಜೊತೆಗೆ ಜಿಗಿತ, ಓಟ, ಒಂಟಿಕಾಲಿನ ನಿಲುವು ಇಂಥವನ್ನೂ ಬರೆದಿಡುತ್ತೇವೆ. ಮೊದಲ ಸಲ ಅಳೆದೆವು, ಬರೆದೆವು, ಮೊಬೈಲ್‌ಗೆ ತುಂಬಿದೆವು, ಅಲ್ಲಿಗೆ ಮುಗಿಯಿತು. ಎರಡನೇ ಸಲ ಅಳೆದು ಹಳೆಯ ನೋಟ್‌ಬುಕ್ ಪಕ್ಕದಲ್ಲಿಟ್ಟು ನೋಡಿದಾಗ ನಾಲ್ಕು ಮಕ್ಕಳ ತೂಕ ಕಮ್ಮಿಯಾಗಿತ್ತು, ಒಬ್ಬ ಹುಡುಗ ಅರ್ಧ ಸೆಂಟಿಮೀಟರ್ ಗಿಡ್ಡ ಆಗಿದ್ದ! ಮಕ್ಕಳು ಗಿಡ್ಡ ಆಗಲ್ಲ ಅಲ್ವಾ. ತಪ್ಪು ನಮ್ಮ ಕೈಯಲ್ಲಿತ್ತು.

ಆಮೇಲೆ ನಿಧಾನಕ್ಕೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ಅಂಕಿಯನ್ನು ಪಕ್ಕದ ಮಗುವಿನ ಅಂಕಿಯ ಜೊತೆ ಇಡುವುದಕ್ಕಿಂತ ಅದೇ ಮಗುವಿನ ಹಿಂದಿನ ಅಂಕಿಯ ಜೊತೆ ಇಟ್ಟರೆ ಜಾಸ್ತಿ ತಿಳಿಯುತ್ತದೆ. ಆದರೆ ಹಾಗೆ ಇಡಬೇಕಾದರೆ ನಮ್ಮ ಅಳತೆ ಎಷ್ಟು ತಪ್ಪುತ್ತದೆ ಅನ್ನುವುದು ನಮಗೆ ಗೊತ್ತಿರಬೇಕು.

ಹುಟ್ಟಿದ ತಾರೀಖು ಮೊದಲು

ಟೇಪ್ ಕೈಗೆತ್ತಿಕೊಳ್ಳುವ ಮುಂಚೆ ಹುಟ್ಟಿದ ತಾರೀಖು ಸರಿ ಮಾಡಿಕೊಳ್ಳಿ. ಜನನ ಪ್ರಮಾಣ ಪತ್ರ ಅಥವಾ ತಾಯಿ ಕಾರ್ಡ್ ನೋಡಿ, ಬಾಯಿ ಮಾತಿನ ವಯಸ್ಸು ಬೇಡ. ನಮ್ಮಲ್ಲಿ ಒಬ್ಬ ಹುಡುಗನ ತಾರೀಖು ಪುಸ್ತಕದಲ್ಲಿ ಜೂನ್ 1 ಎಂದಿತ್ತು. ತಾಯಿ ಕಾರ್ಡ್ ತರಿಸಿ ನೋಡಿದರೆ ಡಿಸೆಂಬರ್. ಆರು ತಿಂಗಳ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ.

ವಿಶ್ವ ಆರೋಗ್ಯ ಸಂಸ್ಥೆಯ ಟೇಬಲ್ ಪ್ರಕಾರ 48 ತಿಂಗಳ ಹುಡುಗನ ನಡುವಿನ ಎತ್ತರ, ಅಂದರೆ ಮೀಡಿಯನ್, 103.3 ಸೆಂ.ಮೀ. ಅರ್ಧದಷ್ಟು ಹುಡುಗರು ಅದಕ್ಕಿಂತ ಎತ್ತರ, ಅರ್ಧದಷ್ಟು ಗಿಡ್ಡ. ಆ ವಯಸ್ಸಿನಲ್ಲಿ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಮಕ್ಕಳ ಎತ್ತರ ನಡುವಿನಿಂದ ಆಚೀಚೆ ಎಷ್ಟು ಹರಡಿದೆ ಅನ್ನುವುದರ ಅಳತೆ, ಸುಮಾರು 4.2 ಸೆಂ.ಮೀ. ನಮ್ಮ ಹುಡುಗ 97.0 ಇದ್ದ. 97.0ರಿಂದ 103.3 ಕಳೆದು 4.2ರಿಂದ ಭಾಗಿಸಿದರೆ ಮೈನಸ್ 1.5. ಇದಕ್ಕೇ ಜೆಡ್ ಸ್ಕೋರ್ ಅನ್ನುವುದು. ಮೈನಸ್ 2ಕ್ಕಿಂತ ಕೆಳಗೆ ಹೋದರೆ ಮಾತ್ರ ಕುಂಠಿತ ಬೆಳವಣಿಗೆ ಎಂದು ಗುರುತು ಹಾಕುತ್ತಾರೆ, ಮೈನಸ್ 3ಕ್ಕಿಂತ ಕೆಳಗಾದರೆ ತೀವ್ರ. ಹಾಗಾಗಿ ಈ ಹುಡುಗ ಸ್ವಲ್ಪ ಗಿಡ್ಡ, ಅಷ್ಟೇ. ಅದೇ ಹುಡುಗನನ್ನು ಜೂನ್ 1ರ ಲೆಕ್ಕದಲ್ಲಿ 54 ತಿಂಗಳು ಅಂತ ಹಿಡಿದರೆ? ಆ ವಯಸ್ಸಿನ ಮೀಡಿಯನ್ 106.7, ಮೈನಸ್ 2ರ ಗೆರೆ 97.8. ಹುಡುಗ ಗೆರೆಯ ಕೆಳಗೆ ಬಿದ್ದ. ಮಗು ಅದೇ, ಗೋಡೆ ಅದೇ, ಟೇಪ್ ಅದೇ. ಕಾಗದದ ಮೇಲಿನ ಒಂದು ತಾರೀಖು ಅವನನ್ನು ಕುಂಠಿತ ಮಗು ಮಾಡಿಬಿಟ್ಟಿತು.

ವಯಸ್ಸನ್ನು ವರ್ಷದಲ್ಲಿ ಬರೆಯಬೇಡಿ, ತಿಂಗಳಲ್ಲಿ ಬರೆಯಿರಿ. ಕಂಪ್ಯೂಟರ್‌ನಲ್ಲಿ ಶೀಟ್ ಮಾಡಿಕೊಂಡಿದ್ದರೆ ಅಳೆದ ತಾರೀಖಿನಿಂದ ಹುಟ್ಟಿದ ತಾರೀಖು ಕಳೆಯಿರಿ, ದಿನಗಳ ಲೆಕ್ಕ ಬರುತ್ತದೆ, ಅದನ್ನು 30.4375ರಿಂದ ಭಾಗಿಸಿ. ಮುಗಿಯಿತು.

"ನಮ್ಮ ಕಡೆಯವರೇ ಗಿಡ್ಡ, ಆ ಟೇಬಲ್ ನಮಗಲ್ಲ" ಅಂತ ಹೇಳುವವರು ಸಿಗುತ್ತಾರೆ. 2006ರಲ್ಲಿ ಬಂದ ಆ ಟೇಬಲ್‌ಗೆ ಆರು ದೇಶದ ಮಕ್ಕಳನ್ನು ಅಳೆದಿದ್ದರು: ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ. ಭಾರತದ ಮಕ್ಕಳು ದೆಹಲಿಯವರು. ಚೆನ್ನಾಗಿ ಊಟ, ಎದೆಹಾಲು, ಆರೈಕೆ ಸಿಕ್ಕಿದರೆ ಐದು ವರ್ಷದೊಳಗಿನ ಮಕ್ಕಳು ಎಲ್ಲ ದೇಶದಲ್ಲೂ ಹೆಚ್ಚುಕಮ್ಮಿ ಒಂದೇ ಥರ ಬೆಳೆಯುತ್ತಾರೆ ಅಂತ ಅದರಲ್ಲೇ ಕಂಡಿದ್ದು. ಹಾಗಾಗಿ ಈ ವಯಸ್ಸಿಗೆ ಅದನ್ನೇ ಬಳಸಿ, ಧೈರ್ಯವಾಗಿ ಬಳಸಿ.

ಗೋಡೆ, ಟೇಪ್, ತಕ್ಕಡಿ

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಎರಡು ದಾಟಿದ ಮೇಲೆ ನಿಲ್ಲಿಸಿ. ಒಂದೇ ಮಗುವನ್ನು ಮಲಗಿಸಿ ಅಳೆದರೆ ನಿಲ್ಲಿಸಿ ಅಳೆದಿದ್ದಕ್ಕಿಂತ ಸುಮಾರು 0.7 ಸೆಂ.ಮೀ. ಜಾಸ್ತಿ ಬರುತ್ತದೆ, ಅದಕ್ಕೆ ಎರಡನ್ನೂ ಕಲಸಬಾರದು.

ಎತ್ತರ ಅಳೆಯುವ ಸ್ಟ್ಯಾಂಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗೋಡೆ ಸಾಕು, ಆದರೆ ಬುಡದಲ್ಲಿ ಪಟ್ಟಿ ಇರುವ ಗೋಡೆ ಬೇಡ, ಹಿಮ್ಮಡಿ ಮುಂದೆ ಬರುತ್ತದೆ. ಟೇಪನ್ನು ನೇರ ಅಂಟಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೇರ ಇದೆಯಾ ಅಂತ ನೋಡಿ. ಮಗು ಚಪ್ಪಲಿ ಬಿಚ್ಚಿ ನಿಲ್ಲಲಿ. ಹಿಮ್ಮಡಿ, ಮೀನಖಂಡ, ಕುಂಡಿ, ಬೆನ್ನಿನ ಮೇಲ್ಭಾಗ, ತಲೆಯ ಹಿಂಭಾಗ ಗೋಡೆಗೆ ತಾಗಬೇಕು. ಕಿವಿಯ ತೂತು ಮತ್ತು ಕಣ್ಣಿನ ಕೆಳಗಿನ ಮೂಳೆ ಒಂದೇ ಮಟ್ಟದಲ್ಲಿ ಇರಲಿ. ಮಕ್ಕಳು ಎತ್ತರ ಕಾಣಬೇಕು ಅಂತ ಗದ್ದ ಮೇಲೆತ್ತುತ್ತಾರೆ, ಹಾಗೆತ್ತಿದರೆ ನಿಜವಾದ ಅಳತೆ ಕಮ್ಮಿ ಬರುತ್ತದೆ. ಹೆಣ್ಣುಮಕ್ಕಳ ಜಡೆ, ಕ್ಲಿಪ್ಪು, ನೆತ್ತಿ ಮೇಲಿನ ಜುಟ್ಟು ಬಿಚ್ಚಿಸಿ. ಇದಕ್ಕೆ ಒಬ್ಬ ಅಮ್ಮನನ್ನು ಜೊತೆಗೆ ಕೂರಿಸಿಕೊಂಡರೆ ಸುಲಭ, ಮತ್ತೆ ಜಡೆ ಹಾಕಿ ಕಳಿಸುತ್ತಾರೆ. ತಲೆ ಮೇಲೆ ದಪ್ಪ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ಇಳಿಸಿ, ನಿಮ್ಮ ಕಣ್ಣು ಆ ಮಟ್ಟಕ್ಕೆ ಬರುವಂತೆ ಬಗ್ಗಿ ಓದಿ. ಮಿಲಿಮೀಟರ್‌ವರೆಗೂ ಬರೆಯಿರಿ. ಬೆಳಿಗ್ಗೆಗಿಂತ ಸಂಜೆಗೆ ಎತ್ತರ ಸ್ವಲ್ಪ ಕಮ್ಮಿ ಇರುತ್ತದೆ, ಬೆನ್ನೆಲುಬಿನ ನಡುವಿನ ಮೆತ್ತೆಗಳು ದಿನವಿಡೀ ಒತ್ತಿಕೊಳ್ಳುತ್ತವೆ. ನಾವು ಬೆಳಿಗ್ಗೆ ಪ್ರಾರ್ಥನೆ ಆದ ತಕ್ಷಣ ಶುರು ಮಾಡುತ್ತೇವೆ, ಪ್ರತಿ ಸಲವೂ.

ಇನ್ನು ತೂಕ. ನಾಲ್ಕು ಮಕ್ಕಳ ತೂಕ ಇಳಿದಿತ್ತು ಅಂದೆನಲ್ಲ, ಅದರ ಕಾರಣ ಗೊತ್ತಾಗಿದ್ದು ತುಂಬಾ ದಿನ ಆದಮೇಲೆ. ಮೊದಲ ಸಲ ಅಳೆದದ್ದು ಜುಲೈಯಲ್ಲಿ. ನಮ್ಮ ಕಡೆ ಜುಲೈ ಅಂದರೆ ಬಟ್ಟೆ ಒಣಗುವ ಮಾತೇ ಇಲ್ಲ, ಬಚ್ಚಲ ಒಲೆ ಮೇಲೆ ಕಟ್ಟಿದ ಹಗ್ಗದಲ್ಲಿ ಅರ್ಧ ಒಣಗಿದ್ದನ್ನೇ ಹಾಕಿಕೊಂಡು ಬರುತ್ತಾರೆ. ಎಲ್ಲರೂ ಒದ್ದೆ ಸ್ವೆಟರ್‌ನಲ್ಲೇ ತಕ್ಕಡಿ ಹತ್ತಿದ್ದರು. ಮುಂದಿನ ಸಲ ಅಳೆದದ್ದು ಎರಡು ತಿಂಗಳು ಬಿಟ್ಟು, ತೆಳು ಅಂಗಿಯಲ್ಲಿ. ಸಂಶಯ ಬಂದು ಒಂದು ಒದ್ದೆ ಸ್ವೆಟರನ್ನೇ ಅಡುಗೆ ಮನೆಯ ತಕ್ಕಡಿಗೆ ಹಾಕಿದೆ. ಅರ್ಧ ಕೆ.ಜಿ.ಗೆ ಸ್ವಲ್ಪ ಕಮ್ಮಿ! ನಾಲ್ಕು ವರ್ಷದ ಹುಡುಗ ಐದು ವರ್ಷ ತುಂಬುವಷ್ಟರಲ್ಲಿ ನಡುವಿನ ತೂಕ 16.3ರಿಂದ 18.3 ಕೆ.ಜಿ.ಗೆ ಹೋಗುತ್ತದೆ. ಇಡೀ ವರ್ಷಕ್ಕೆ 2 ಕೆ.ಜಿ. ಅಂದರೆ ತಿಂಗಳಿಗೆ 170 ಗ್ರಾಂ ಸುಮಾರು. ಒಂದು ಲೋಟ ಹಾಲು ಕುಡಿದು ಬಂದರೆ ಅದಕ್ಕಿಂತ ಜಾಸ್ತಿ ತೂಗುತ್ತದೆ. ಸ್ವೆಟರ್ ಅಂತೂ ಮೂರು ತಿಂಗಳ ಬೆಳವಣಿಗೆಯನ್ನು ನುಂಗಿಬಿಡುತ್ತದೆ.

ಈಗ ನಮ್ಮ ನಿಯಮ ಇಷ್ಟೇ. ಸ್ವೆಟರ್, ಬೆಲ್ಟು, ಜೇಬಿನಲ್ಲಿರುವ ಗೋಲಿ, ಕಲ್ಲು ಎಲ್ಲ ತೆಗೆಸಿ, ಮೂತ್ರಕ್ಕೆ ಕಳಿಸಿ, ಹಾಲು ಕೊಡುವ ಮುಂಚೆ ತೂಗುವುದು. ತಕ್ಕಡಿ ಸಿಮೆಂಟ್ ನೆಲದ ಮೇಲೆ ಇರಲಿ, ಚಾಪೆ ಜಮಖಾನದ ಮೇಲೆ ಬೇಡ. ಅಳೆಯುವ ದಿನ ಬೆಳಿಗ್ಗೆ ತಕ್ಕಡಿಯನ್ನೇ ಪರೀಕ್ಷೆ ಮಾಡಿ: ಖಾಲಿ ಕ್ಯಾನ್ ಇಟ್ಟು ತೂಕ ಬರೆದುಕೊಳ್ಳಿ, 5 ಲೀಟರ್ ನೀರು ತುಂಬಿ ಮತ್ತೆ ಇಡಿ, ಸರಿಯಾಗಿ 5 ಕೆ.ಜಿ. ಏರಬೇಕು.

ಐದು ವರ್ಷದೊಳಗಿನವರಿಗೆ ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿಯನ್ನೂ ಹಾಕಿ. ಎಡಗೈ, ಭುಜದ ಮೂಳೆಗೂ ಮೊಣಕೈಗೂ ಸರಿಯಾಗಿ ಮಧ್ಯ, ಕೈ ಸಡಿಲ ಬಿಟ್ಟು. 6ರಿಂದ 59 ತಿಂಗಳ ಮಗುವಿಗೆ 11.5 ಸೆಂ.ಮೀ.ಗಿಂತ ಕಮ್ಮಿ ಬಂದರೆ ಕೆಂಪು, ಅದು ತೀವ್ರ ಅಪೌಷ್ಟಿಕತೆ. 11.5ರಿಂದ 12.5ರ ಒಳಗೆ ಹಳದಿ. ಕೆಂಪು ಬಂದರೆ ಲೆಕ್ಕ ಗಿಕ್ಕ ಆಮೇಲೆ, ಅದೇ ದಿನ ಆಶಾ ಕಾರ್ಯಕರ್ತೆಗೆ ಹೇಳಿ ಮಗುವನ್ನು ಡಾಕ್ಟರ್ ಹತ್ತಿರ ಕಳಿಸಬೇಕು.

ನಿಮ್ಮ ಕೈಯ ತಪ್ಪನ್ನು ಅಳೆಯಿರಿ

ಈ ಭಾಗವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಪ್ರತಿ ಮಗುವನ್ನೂ ಎರಡು ಸಲ ಅಳೆಯಿರಿ, ಮೊದಲನೆಯದನ್ನು ನೋಡದೆ ಎರಡನೆಯದನ್ನು ಬರೆಯಿರಿ. ನಾನು ಅಳೆದಾಗ ಟೀಚರ್ ಬರೆಯುತ್ತಾರೆ, ಅವರು ಅಳೆದಾಗ ನಾನು. ಎತ್ತರದಲ್ಲಿ 0.7 ಸೆಂ.ಮೀ.ಗಿಂತ ಜಾಸ್ತಿ, ತೂಕದಲ್ಲಿ 100 ಗ್ರಾಂಗಿಂತ ಜಾಸ್ತಿ, ತೋಳಿನ ಸುತ್ತಳತೆಯಲ್ಲಿ 0.5 ಸೆಂ.ಮೀ.ಗಿಂತ ಜಾಸ್ತಿ ಅಂತರ ಬಂದರೆ ಎರಡನ್ನೂ ಹೊಡೆದುಹಾಕಿ ಮತ್ತೆ ಅಳೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಆ ಆರು ದೇಶದ ಅಧ್ಯಯನದಲ್ಲೂ ಇಷ್ಟೇ ಅಂತರಕ್ಕೆ ಅವಕಾಶ ಇಟ್ಟಿದ್ದರು.

ಆಮೇಲೆ ಹೀಗೆ ಮಾಡಿ. ಐದು ಮಕ್ಕಳ ಎರಡು ಅಳತೆಗಳ ಅಂತರ 0.3, 0.1, 0.6, 0.2, 0.4 ಸೆಂ.ಮೀ. ಅಂತಿಟ್ಟುಕೊಳ್ಳಿ. ಒಂದೊಂದನ್ನೂ ವರ್ಗ ಮಾಡಿ ಕೂಡಿಸಿ, 0.66 ಬರುತ್ತದೆ. ಮಕ್ಕಳ ಸಂಖ್ಯೆಯ ಎರಡರಷ್ಟರಿಂದ, ಅಂದರೆ 10ರಿಂದ ಭಾಗಿಸಿ, 0.066. ಅದರ ವರ್ಗಮೂಲ 0.26 ಸೆಂ.ಮೀ. ಇದು ನಿಮ್ಮ ಕೈಯ ತಪ್ಪು. ಎರಡು ಬೇರೆ ಬೇರೆ ದಿನದ ಅಳತೆಗಳನ್ನು ಹೋಲಿಸುವಾಗ ಇದರ ಸುಮಾರು 2.8 ಪಟ್ಟು, ಅಂದರೆ 0.7 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮಾತ್ರ ಮಗು ನಿಜವಾಗಿ ಬೆಳೆದಿದೆ ಅಂತ ನಂಬಬಹುದು. ನಾಲ್ಕರಿಂದ ಐದು ವರ್ಷದೊಳಗೆ ಹುಡುಗರು ನಡುಮಟ್ಟದಲ್ಲಿ 6.7 ಸೆಂ.ಮೀ. ಬೆಳೆಯುತ್ತಾರೆ, ತಿಂಗಳಿಗೆ ಅರ್ಧ ಸೆಂಟಿಮೀಟರ್ ಆಸುಪಾಸು. ಹಾಗಾಗಿ ಒಂದು ತಿಂಗಳ ಎತ್ತರದ ವ್ಯತ್ಯಾಸ ನೋಡಿ ಖುಷಿಪಡುವುದೂ ಬೇಡ, ಗಾಬರಿಯಾಗುವುದೂ ಬೇಡ, ಅದು ಟೇಪಿನ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಆರು ತಿಂಗಳು ಬಿಟ್ಟು ನೋಡಿದರೆ ಬೆಳವಣಿಗೆ ಎದ್ದು ಕಾಣುತ್ತದೆ. ಅರ್ಧ ಸೆಂ.ಮೀ. ಗಿಡ್ಡ ಆದ ಹುಡುಗನ ಕಥೆಯೂ ಇಷ್ಟೇ, ನಡುವೆ ಎರಡೇ ತಿಂಗಳ ಅಂತರವಿತ್ತು.

ಇನ್ನೊಂದು ಸುಲಭ ಪರೀಕ್ಷೆ: ನಿಮ್ಮ ಪಟ್ಟಿಯಲ್ಲಿ ಎಷ್ಟು ಅಂಕಿಗಳು .0 ಮತ್ತು .5ರಲ್ಲಿ ಮುಗಿಯುತ್ತವೆ ಎಣಿಸಿ. ಹತ್ತರಲ್ಲಿ ಎರಡರ ಆಸುಪಾಸು ಇರಬೇಕು. ಏಳೆಂಟು ಇದ್ದರೆ ಓದಿದ್ದಲ್ಲ, ಅಂದಾಜಿಗೆ ಬರೆದದ್ದು.

ಬೆಳ್ಳಕ್ಕಿ, ತಟ್ಟೆ, ಜಿಗಿತ

ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರಿಗೆ ಮೂರೇ ಇವೆ: ಬಿಎಂಐ (ಕೆ.ಜಿ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದ್ದು), ಒಂಟಿಕಾಲಿನ ನಿಲುವು, ತಟ್ಟೆ ಬಡಿಯುವುದು. ನಾಲ್ಕನೇ ಕ್ಲಾಸಿನಿಂದ 50 ಮೀಟರ್, 600 ಮೀಟರ್ ಓಟ, ಕೂತು ಮುಂದೆ ಚಾಚುವುದು, ಪುಷ್ ಅಪ್ ಎಲ್ಲ ಸೇರುತ್ತವೆ. ಸಣ್ಣವರಿಗೆ ಮೂರೇ ಇಟ್ಟಿರುವುದು ಸರಿ ಅಂತ ನನ್ನ ಅನಿಸಿಕೆ. ನಾವು ಅದರ ಜೊತೆ ನಿಂತಲ್ಲಿಂದ ಉದ್ದ ಜಿಗಿತವನ್ನು ಸೇರಿಸಿಕೊಂಡಿದ್ದೇವೆ.

ಒಂಟಿಕಾಲಿನದಕ್ಕೆ 50 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಮರದ ಪಟ್ಟಿ ಬೇಕು. ಒಂದು ಕಾಲಲ್ಲಿ ಅದರ ಮೇಲೆ ನಿಂತು ಇನ್ನೊಂದು ಪಾದವನ್ನು ಹಿಂದಿನಿಂದ ಹಿಡಿದುಕೊಳ್ಳಬೇಕು. ಬಿದ್ದಾಗ ವಾಚ್ ನಿಲ್ಲಿಸಿ, ಮತ್ತೆ ಹತ್ತಿದಾಗ ಶುರು ಮಾಡಿ. ಹೀಗೆ 60 ಸೆಕೆಂಡ್ ತುಂಬುವುದರೊಳಗೆ ಎಷ್ಟು ಸಲ ಬಿದ್ದರು ಅನ್ನುವುದೇ ಅಂಕ. ಒಂಟಿಕಾಲಲ್ಲಿ ನಿಲ್ಲುವ ಫ್ಲೆಮಿಂಗೋ ಹಕ್ಕಿಯ ಹೆಸರನ್ನೇ ಈ ಪರೀಕ್ಷೆಗೆ ಇಟ್ಟಿದ್ದಾರೆ, ಆದರೆ ಫ್ಲೆಮಿಂಗೋ ಟೆಸ್ಟ್ ಅಂದರೆ ನಮ್ಮ ಮಕ್ಕಳಿಗೆ ಏನು ಅರ್ಥವಾಗಬೇಕು? "ಗದ್ದೆಯಲ್ಲಿ ಬೆಳ್ಳಕ್ಕಿ ಹೆಂಗೆ ನಿಲ್ಲುತ್ತೆ, ತೋರಿಸಿ" ಅಂದರೆ ಸಾಕು. ಎರಡನೇ ಕ್ಲಾಸಿನ ಒಬ್ಬಳು ಒಂಬತ್ತನೇ ಸಲ ಬಿದ್ದು, "ಸರ್, ಬೆಳ್ಳಕ್ಕಿಗೆ ಕೆಮ್ಮು ಬರಲ್ಲ, ನಂಗೆ ಬಂತು" ಅಂದಳು. ಅವಳಿಗೆ ನಿಜಕ್ಕೂ ಎರಡು ದಿನದಿಂದ ಕೆಮ್ಮಿತ್ತು. ಅಂದಿನಿಂದ ಶೀಟಿನಲ್ಲಿ ಒಂದು ಕಾಲಂ ಜಾಸ್ತಿ ಮಾಡಿದೆವು: ಇವತ್ತು ಮೈ ಹುಷಾರಿದೆಯಾ? ಜ್ವರ, ಭೇದಿ ಬಂದು ಎದ್ದ ಮಗುವನ್ನು ಎರಡು ವಾರ ಬಿಟ್ಟು ಅಳೆಯುತ್ತೇವೆ.

ತಟ್ಟೆ ಬಡಿಯುವುದಕ್ಕೆ ಮೇಜಿನ ಮೇಲೆ 20 ಸೆಂ.ಮೀ. ಅಗಲದ ಎರಡು ವೃತ್ತ, ನಡುವಿನಿಂದ ನಡುವಿಗೆ 60 ಸೆಂ.ಮೀ. ಒಂದು ಕೈ ಮಧ್ಯದಲ್ಲಿ ಇಟ್ಟು ಇನ್ನೊಂದು ಕೈಯಿಂದ ಅತ್ತ ಇತ್ತ 25 ಸುತ್ತು ಬಡಿಯಬೇಕು, ಎಷ್ಟು ಸೆಕೆಂಡ್ ಅಂತ ಬರೆಯುವುದು. ಎರಡು ಸಲ ಮಾಡಿಸಿ, ಒಳ್ಳೆಯದನ್ನು ಇಟ್ಟುಕೊಳ್ಳಿ. ಮೇಜು ಮಗುವಿನ ಹೊಟ್ಟೆಯ ಮಟ್ಟಕ್ಕೆ ಇರಲಿ.

ಜಿಗಿತ, ಓಟ ಮಳೆಗಾಲದಲ್ಲಿ ಬೇಡವೇ ಬೇಡ. ಅಂಗಳದಲ್ಲಿ ಪಾಚಿ ಕಟ್ಟಿರುತ್ತದೆ, ಮಗು ಜಾರಿ ಕೈ ಮುರಿದುಕೊಂಡರೆ ಯಾವ ಅಂಕಿಯೂ ಅದಕ್ಕೆ ಸಮ ಅಲ್ಲ. ನಾವು ಎತ್ತರ ತೂಕವನ್ನು ಜೂನ್ ಮತ್ತು ಡಿಸೆಂಬರ್‌ನಲ್ಲಿ ಒಳಗೆ ಅಳೆಯುತ್ತೇವೆ, ಜಿಗಿತವನ್ನು ಡಿಸೆಂಬರ್ ಮತ್ತು ಮಾರ್ಚ್‌ನಲ್ಲಿ, ಯಾವಾಗಲೂ ಅದೇ ಕೆಂಪು ಮಣ್ಣಿನ ಜಾಗದಲ್ಲಿ, ಬರಿಗಾಲಲ್ಲಿ. ಮೊದಲು ಎರಡು ಸಲ ಸುಮ್ನೆ ಆಡಿಸಿ, ಆಮೇಲೆ ಮೂರು ಸಲ ಬರೆಯಿರಿ. ಮೂರು ನಾಲ್ಕು ವರ್ಷದವರನ್ನು ಓಡಿಸುವುದಾದರೆ ದೊಡ್ಡವರೊಬ್ಬರು ಜೊತೆಗೆ ಓಡಬೇಕು, ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ಏನೋ ಹುಳ ಕಂಡು ಕೂತುಬಿಡುತ್ತಾರೆ. ಅದು ಫಿಟ್‌ನೆಸ್ ಕಮ್ಮಿ ಅಂತ ಅಲ್ಲವಲ್ಲ.

ಅಂಕಿ ಬಂದ ಮೇಲೆ

ಒಂದು ಸಲ ಒಂಬತ್ತು ಮಕ್ಕಳ ಜಿಗಿತ ಹೀಗೆ ಬಂತು, ಸೆಂಟಿಮೀಟರಿನಲ್ಲಿ: 78, 82, 85, 88, 90, 93, 95, 98, 146. ಸರಾಸರಿ 95. ಆದರೆ ನೋಡಿ, ಒಂಬತ್ತರಲ್ಲಿ ಆರು ಮಕ್ಕಳು ಸರಾಸರಿಗಿಂತ ಕೆಳಗೆ. ಸಾಲಾಗಿ ಜೋಡಿಸಿ ಮಧ್ಯದ್ದನ್ನು ತೆಗೆದರೆ 90, ಅದೇ ಮೀಡಿಯನ್. 146 ಎಲ್ಲಿಂದ ಬಂತು? ನಮ್ಮ ಟೇಪಿನ ತುದಿ ಹರಿದಿತ್ತು, 50ರಿಂದ ಇಟ್ಟು ಆಮೇಲೆ 50 ಕಳೆಯುತ್ತಿದ್ದೆವು, ಆ ಒಬ್ಬನಿಗೆ ಕಳೆಯುವುದು ಮರೆತಿದ್ದೆವು. ಅವನದ್ದು 96. ತಿದ್ದಿದ ಮೇಲೆ ಸರಾಸರಿ 89.4ಕ್ಕೆ ಇಳಿಯಿತು, ಮೀಡಿಯನ್ 90 ಹಾಗೇ ಕದಲದೆ ನಿಂತಿತ್ತು. ಮಕ್ಕಳು ಕಮ್ಮಿ ಇರುವಲ್ಲಿ ಮೀಡಿಯನ್ನೇ ಬರೆಯಿರಿ.

ಬಿಎಂಐ ವಿಷಯದಲ್ಲಿ ಒಂದು ಎಚ್ಚರಿಕೆ. 116 ಸೆಂ.ಮೀ., 20.5 ಕೆ.ಜಿ. ಇರುವ ಆರು ವರ್ಷದ ಮಗುವಿನ ಬಿಎಂಐ 15.2. ದೊಡ್ಡವರ ಲೆಕ್ಕದಲ್ಲಿ 18.5ಕ್ಕಿಂತ ಕಮ್ಮಿ ಅಂದರೆ ತೂಕ ಸಾಲದು. ಒಬ್ಬ ಅಪ್ಪ ಮೊಬೈಲ್‌ನಲ್ಲಿ ಹಾಗೆ ನೋಡಿ ರಾತ್ರಿ ಫೋನ್ ಮಾಡಿದ್ದರು, ಪಾಪ. ಆದರೆ ಆರು ವರ್ಷಕ್ಕೆ ಮೀಡಿಯನ್ನೇ 15.3. ಆ ಮಗು ಸರಿಯಾಗಿ ಮಧ್ಯದಲ್ಲಿದೆ. ಮಕ್ಕಳಿಗೆ ದೊಡ್ಡವರ ಗೆರೆ ಹಾಕಲೇಬಾರದು. ತೂಕ, ಬಿಎಂಐಗಳ ಹಂಚಿಕೆ ಎರಡೂ ಕಡೆ ಸಮ ಇರುವುದಿಲ್ಲ, ಹಾಗಾಗಿ ಅವುಗಳ ಜೆಡ್ ಸ್ಕೋರನ್ನು ಎತ್ತರದಂತೆ ಕೈಲಿ ಭಾಗಿಸಿ ತೆಗೆಯಲು ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಆಂಥ್ರೋ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಐದು ದಾಟಿದವರಿಗೆ ಆಂಥ್ರೋ ಪ್ಲಸ್. ಅದರಲ್ಲಿ ತುಂಬಿ.

ಇನ್ನು ಶೇಕಡಾ. ಅಂಗನವಾಡಿಯ 20 ಮಕ್ಕಳಲ್ಲಿ 5 ಮಕ್ಕಳು ಮೈನಸ್ 2ಕ್ಕಿಂತ ಕೆಳಗೆ ಬಂದರು ಅಂತಿಟ್ಟುಕೊಳ್ಳಿ, ಶೇ. 25. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಕುಂಠಿತ. ಹಾಗಾದರೆ ನಮ್ಮೂರು ರಾಜ್ಯಕ್ಕಿಂತ ವಾಸಿ ಅನ್ನಬಹುದಾ? ಇಲ್ಲ. 20ರಲ್ಲಿ 5 ಬಂದಾಗ ನಿಜವಾದ ಮಟ್ಟ ಶೇ. 11ರಿಂದ 47ರ ನಡುವೆ ಎಲ್ಲಾದರೂ ಇರಬಹುದು. ಒಂದೇ ಮಗು ಆಚೀಚೆ ಆದರೆ ಶೇ. 5 ಬದಲಾಗುತ್ತದೆ. ಸಣ್ಣ ಊರಿನಲ್ಲಿ "20ರಲ್ಲಿ 5 ಮಕ್ಕಳು" ಅಂತ ಬರೆಯಿರಿ, ಶೇಕಡಾ ಬೇಕಿದ್ದರೆ ಹತ್ತಾರು ಅಂಗನವಾಡಿಗಳನ್ನು ಸೇರಿಸಿ ತೆಗೆಯಿರಿ.

ಇನ್ನೊಂದು ಮೋಸ ನಮಗೆ ನಾವೇ ಮಾಡಿಕೊಳ್ಳುತ್ತೇವೆ. ಜಿಗಿತದಲ್ಲಿ ಎಲ್ಲರಿಗಿಂತ ಹಿಂದಿದ್ದ ಐದು ಮಕ್ಕಳನ್ನು ಆರಿಸಿ ದಿನಾ ಕುಂಟೆಬಿಲ್ಲೆ ಆಡಿಸಿದೆವು, ಮೂರು ತಿಂಗಳಿಗೆ ಐದೂ ಜನ ಮೇಲೆ ಬಂದರು. ನನಗೆ ತುಂಬಾ ಖುಷಿಯಾಯಿತು. ಆದರೆ ಕೆಳಗಿನವರನ್ನೇ ಆರಿಸಿದಾಗ ಅವರಲ್ಲಿ ಕೆಲವರು ಆ ದಿನ ಮಾತ್ರ ಕೆಟ್ಟದಾಗಿ ಜಿಗಿದವರು ಇರುತ್ತಾರೆ. ಏನೂ ಮಾಡದಿದ್ದರೂ ಮುಂದಿನ ಸಲ ಮೇಲೆ ಬರುತ್ತಾರೆ, ಜೊತೆಗೆ ಮೂರು ತಿಂಗಳು ದೊಡ್ಡವರೂ ಆಗಿರುತ್ತಾರೆ. ಈಗ ಎಲ್ಲರಿಗೂ ಕುಂಟೆಬಿಲ್ಲೆ ಆಡಿಸುತ್ತೇವೆ. ಆಟಕ್ಕೆ ಪುರಾವೆ ಬೇಕಾಗಿಲ್ಲ, ಆದರೆ ಪುರಾವೆ ಇದೆ ಅಂತ ಹೇಳಿಕೊಳ್ಳುವುದಾದರೆ ಆಡದ ಗುಂಪಿನ ಅಂಕಿಯೂ ಬೇಕು.

ಯಾರ ಅಂಕಿಯನ್ನೂ ಎಲ್ಲರೆದುರು ಗಟ್ಟಿಯಾಗಿ ಓದಬೇಡಿ. "ಕಡ್ಡಿ", "ಡುಮ್ಮಿ" ಅನ್ನುವ ಹೆಸರು ಒಂದು ಸಲ ಅಂಟಿದರೆ ಏಳನೇ ಕ್ಲಾಸಿನವರೆಗೂ ಬಿಡುವುದಿಲ್ಲ. ನಾವು ಒಬ್ಬೊಬ್ಬರನ್ನೇ ಒಳಗೆ ಕರೆದು ಅಳೆಯುತ್ತೇವೆ. ಮನೆಯವರಿಗೆ ಚೀಟಿ ಕಳಿಸುವಾಗಲೂ ಜೆಡ್ ಸ್ಕೋರ್ ಬರೆಯುವುದಿಲ್ಲ, ಜೂನ್‌ನಲ್ಲಿ ಎಷ್ಟಿತ್ತು, ಡಿಸೆಂಬರ್‌ನಲ್ಲಿ ಎಷ್ಟಾಯಿತು, ಇಷ್ಟೇ. ಆರು ತಿಂಗಳಲ್ಲಿ ತೂಕ ಏರದೇ ಇದ್ದರೆ, ಅಥವಾ ಜೆಡ್ ಸ್ಕೋರ್ ಎರಡು ಸಲ ಸತತವಾಗಿ ಇಳಿದರೆ, ಅದು ಮೈನಸ್ 2ರ ಮೇಲೇ ಇದ್ದರೂ ಅಮ್ಮನನ್ನೋ ಅಜ್ಜಿಯನ್ನೋ ಕರೆದು ಮಾತಾಡುತ್ತೇವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುತ್ತದೆ. ಆ ದಿನ ನೋಟ್‌ಬುಕ್ ತೆರೆದು ಇಂಥ ಮಕ್ಕಳ ಸಾಲನ್ನೇ ಡಾಕ್ಟರಿಗೆ ತೋರಿಸಿ. ಒಂದು ದಿನದ ತೂಕಕ್ಕಿಂತ ಎರಡು ವರ್ಷದ ಸಾಲು ಅವರಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಮಗು ಬೇರೆ ಶಾಲೆಗೆ ಹೋಗುವಾಗ ಟಿಸಿ ಜೊತೆ ಆ ಸಾಲನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಯಾವ ತಕ್ಕಡಿ, ದಿನದ ಯಾವ ಹೊತ್ತು, ಸ್ವೆಟರ್ ಇತ್ತೋ ಇಲ್ಲವೋ, ಅದನ್ನೂ ಕೆಳಗೆ ಬರೆಯಿರಿ.